ಜಪಾನೀಸ್ ಆದಮೇಲೆ ಥಾಯ್ ಕಲಿತೆ: ನನ್ನ ಅನುಭವ

ಬಿಡದಿ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸಕ್ಕಿದ್ದಾಗ ಜಪಾನೀಸ್ ಶುರು ಮಾಡಿದೆ. ಮೂರು ವರ್ಷ ಸಂಜೆ ಕ್ಲಾಸಿಗೆ ಹೋಗಿ ಎನ್3 ಪಾಸಾದೆ. ಜಪಾನೀಸ್ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಮಟ್ಟ, ಎನ್5 ಸುಲಭದ್ದು, ಎನ್3 ನಡುವಿನದು. ಆಮೇಲೆ ಕೆಲಸದ ಮೇಲೆ ಥಾಯ್ಲೆಂಡಿನ ಸೀ ರಾಚಾಕ್ಕೆ ಹೋದೆ. ಜಪಾನಿನವರು ತುಂಬಾ ಇರುವ ಊರು ಅದು. ಮೀಟಿಂಗ್‌ನಲ್ಲಿ ಜಪಾನೀಸ್, ಕೆಳಗೆ ಕಾರ್ಖಾನೆಯ ಲೈನಿನಲ್ಲಿ ಥಾಯ್. ಎರಡು ವರ್ಷ ಎರಡೂ ಭಾಷೆ ಒಟ್ಟೊಟ್ಟಿಗೇ ಬಳಸಿದೆ. ಅದಕ್ಕೇ ಇರಬೇಕು, ಯಾವುದು ಕಲಿಯೋದು ಅಂತ ಈಗ ಜನ ನನ್ನನ್ನು ಕೇಳುತ್ತಾರೆ.

ಕೇಳುವವರೆಲ್ಲ ಒಂದು ಲೆಕ್ಕ ಹಿಡಿದುಕೊಂಡೇ ಬಂದಿರುತ್ತಾರೆ. ಅಮೆರಿಕ ಸರ್ಕಾರ ತನ್ನ ರಾಯಭಾರ ಸಿಬ್ಬಂದಿಗೆ ಭಾಷೆ ಕಲಿಸುವ ಫಾರಿನ್ ಸರ್ವೀಸ್ ಇನ್‌ಸ್ಟಿಟ್ಯೂಟ್ ಪ್ರಕಾರ ಥಾಯ್‌ಗೆ ಸುಮಾರು 1100 ಗಂಟೆ, ಜಪಾನೀಸ್‌ಗೆ 2200 ಗಂಟೆ. ಲೆಕ್ಕ ಸರಿಯೇ ಇರಬಹುದು, ಆದರೆ ಅದು ಇಂಗ್ಲಿಷ್ ಮಾತಾಡುವವರಿಗೆ ಹಾಕಿದ್ದು. ಕನ್ನಡ ಮಾತಾಡುವವರು ಶುರು ಮಾಡುವ ಜಾಗವೇ ಬೇರೆ. ಇದು ನನಗೆ ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಕ್ಲಾಸಿನಲ್ಲಿ ಜಪಾನೀಸ್ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದೆವು. ‘ಕಿನೋ ಕತ್ತ ಹೊನ್’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ಪದಗಳನ್ನೆಲ್ಲ ಹಿಂದುಮುಂದು ಮಾಡಬೇಕು. ಒಂದು ದಿನ ಬಸ್ಸಿನಲ್ಲಿ ಸುಮ್ನೆ ಕನ್ನಡದಲ್ಲಿ ಹೇಳಿ ನೋಡಿದೆ. ಕಿನೋ ಅಂದರೆ ನಿನ್ನೆ, ಕತ್ತ ಅಂದರೆ ಕೊಂಡ, ಹೊನ್ ಅಂದರೆ ಪುಸ್ತಕ. ನಿನ್ನೆ ಕೊಂಡ ಪುಸ್ತಕ! ಒಂದು ಪದವೂ ಜಾಗ ಬಿಟ್ಟು ಕದಲಲಿಲ್ಲ.

ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಬರೆಯುವುದನ್ನೇ ಬಿಟ್ಟೆ. ‘ತಬೆತೆ ಮಿರು’ ಅಂದರೆ ತಿಂದು ನೋಡು. ನಮ್ಮ ಹಾಗೆಯೇ ಅವರೂ ತಿನ್ನುವುದನ್ನು ‘ನೋಡು’ತ್ತಾರೆ. ‘ತಬೆತೆ ಶಿಮತ್ತ’ ಅಂದರೆ ತಿಂದುಬಿಟ್ಟೆ. ‘ಇಕು ತೊ ಇತ್ತ’ ಅಂದರೆ ಹೋಗ್ತೀನಿ ಅಂತ ಹೇಳಿದ. ಆ ‘ತೊ’ ನಮ್ಮ ‘ಅಂತ’ದ ಕೆಲಸವನ್ನೇ ಮಾಡುತ್ತದೆ. ಬೆಂಗಳೂರು ‘ಕರ’ ಅಂದರೆ ಬೆಂಗಳೂರಿನಿಂದ. ಎಣಿಕೆಯಲ್ಲಂತೂ ನನಗೆ ಬಹಳ ಖುಷಿಯಾಯಿತು. ವಸ್ತುಗಳಿಗೆ ಒಂದು ಎಣಿಕೆ, ಜನರಿಗೆ ‘ಹಿತೊರಿ, ಫುತಾರಿ’ ಅಂತ ಇನ್ನೊಂದು. ನಾವೂ ಜನರನ್ನು ಒಬ್ಬರು, ಇಬ್ಬರು ಅಂತ ಬೇರೆಯಾಗಿಯೇ ಎಣಿಸುತ್ತೇವೆ ಅಲ್ವಾ? ಉಚ್ಚಾರಣೆಯೂ ಹಾಗೇ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಗೊತ್ತಿರುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಬರವಣಿಗೆಯ ಮಾತು ಬೇರೆ. ಹಿರಾಗಾನ, ಕತಕಾನ ತಲಾ 46 ಅಕ್ಷರ, ಒಂದು ತಿಂಗಳಲ್ಲಿ ಬಂದುಬಿಡುತ್ತವೆ. ಕಾಂಜಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಅಕ್ಷರಗಳು ಮಾತ್ರ ಮುಗಿಯುವುದೇ ಇಲ್ಲ. ದಿನಬಳಕೆಗೆ ಅಂತ ಸರ್ಕಾರ ಮಾಡಿದ ಪಟ್ಟಿಯಲ್ಲೇ 2136 ಇವೆ. ‘ಮನುಷ್ಯ’ ಅನ್ನುವ ಕಾಂಜಿಗೆ ಎರಡೇ ಗೆರೆ, ಬರೆಯುವುದು ಸುಲಭ. ಆದರೆ ಅದನ್ನು ಒಂದು ಕಡೆ ‘ಹಿತೊ’, ಇನ್ನೊಂದು ಕಡೆ ‘ಜಿನ್’, ಮತ್ತೊಂದು ಕಡೆ ‘ನಿನ್’ ಅಂತ ಓದಬೇಕು. ನಾನು ದಿನಕ್ಕೆ ಐದು ಬರೆದೆ. ಬರೆಯದೆ ಬಿಟ್ಟ ವಾರದಲ್ಲಿ ಇಪ್ಪತ್ತು ಮರೆತೆ. ಇದಕ್ಕೆ ಸುಲಭದ ದಾರಿ ನನಗಂತೂ ಸಿಗಲಿಲ್ಲ.

ಥಾಯ್‌ನಲ್ಲಿ ವ್ಯಾಕರಣದ ಕಾಟ ಕಡಿಮೆ. ‘ಪೈ’ ಅಂದರೆ ಹೋಗು. ನಾನು ಹೋದರೂ ಪೈ, ಅವಳು ಹೋದರೂ ಪೈ, ನಿನ್ನೆಗೂ ಅದೇ, ನಾಳೆಗೂ ಅದೇ. ಬೇಕಾದರೆ ಪಕ್ಕದಲ್ಲಿ ಒಂದು ಚಿಕ್ಕ ಪದ ಸೇರಿಸುತ್ತಾರೆ.

ಅಲ್ಲಿ ನಾನು ಕಷ್ಟಪಟ್ಟದ್ದು ಕಿವಿಯಿಂದ. ಥಾಯ್‌ನಲ್ಲಿ ಐದು ಸ್ವರಮಟ್ಟ. ‘ಕ್ಲೈ’ ಅನ್ನುವುದನ್ನು ಸಮವಾಗಿ ಹೇಳಿದರೆ ದೂರ, ಮೇಲಿಂದ ಇಳಿಸಿದರೆ ಹತ್ತಿರ. ನನ್ನ ನೋಟ್‌ಬುಕ್ಕಿನಲ್ಲಿ ಎರಡನ್ನೂ ಕನ್ನಡದಲ್ಲಿ ಒಂದೇ ಥರ ಬರೆದುಕೊಂಡಿದ್ದೆ. ಹೋದ ಎರಡನೇ ವಾರ ದಾರಿ ಕೇಳಿದಾಗ ಒಬ್ಬರು ‘ಕ್ಲೈ’ ಅಂದರು. ಹತ್ತಿರ ಅಂದುಕೊಂಡು ಬಿಸಿಲಲ್ಲಿ ಒಂದು ಗಂಟೆ ನಡೆದೆ. ಥಾಯ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಕಲಿಯುವುದನ್ನು ಅವತ್ತೇ ನಿಲ್ಲಿಸಿ, ಅವರ ಲಿಪಿ ಹಿಡಿದೆ.

ಆ ಲಿಪಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದರೆ ನಮಗಿರುವ ದೊಡ್ಡ ಲಾಭ ಇಲ್ಲಿದೆ. ಥಾಯ್ ಲಿಪಿಗೆ ಪಲ್ಲವರ ಲಿಪಿಯೇ ಮೂಲ, ಕಾಂಬೋಡಿಯಾದ ಖ್ಮೇರ್ ಲಿಪಿಯ ಮೂಲಕ ಬಂದದ್ದು. 44 ವ್ಯಂಜನಗಳು ನಮ್ಮ ವರ್ಗಗಳ ಕ್ರಮದಲ್ಲೇ ಕೂತಿವೆ, ಕೊನೆಯ ಹತ್ತಿರ ‘ಳ’ ಕೂಡ ಇದೆ. ಗ, ಘ ಎರಡನ್ನೂ ಅವರು ಈಗ ‘ಖ’ ಎಂದೇ ಹೇಳುತ್ತಾರೆ, ಅಷ್ಟೇ. ಪುಸ್ತಕಗಳು ವ್ಯಂಜನಗಳನ್ನು ಮೇಲು, ನಡು, ಕೆಳ ಅಂತ ಮೂರು ಗುಂಪು ಮಾಡಿ ಬಾಯಿಪಾಠ ಮಾಡಿಸುತ್ತವೆ. ಗುಂಪು ಗೊತ್ತಿಲ್ಲದೆ ಸ್ವರಮಟ್ಟ ಹೇಳಲು ಆಗುವುದಿಲ್ಲ. ನಾನು ಕ ಖ ಗ ಘ ಙ ಬರೆದು, ಪಕ್ಕದಲ್ಲಿ ಥಾಯ್ ಅಕ್ಷರ ಬರೆದೆ. ಹೆಚ್ಚು ಕಡಿಮೆ ಕ, ಚ, ತ, ಪ ನಡು ಗುಂಪು. ಖ, ಛ, ಥ, ಫ ಮತ್ತು ಶ, ಷ, ಸ, ಹ ಮೇಲಿನ ಗುಂಪು. ಗ, ಜ, ದ, ಬ ಸಾಲಿನವೂ ಅನುನಾಸಿಕಗಳೂ ಕೆಳಗಿನ ಗುಂಪು. ಅಲ್ಲೊಂದು ಇಲ್ಲೊಂದು ಆಮೇಲೆ ಸೇರಿಸಿಕೊಂಡ ಅಕ್ಷರ ಬಿಟ್ಟರೆ ಮಿಕ್ಕದ್ದೆಲ್ಲ ಒಂದು ಭಾನುವಾರದಲ್ಲಿ ಮುಗಿಯಿತು.

ಅಕ್ಷರ ಬಂದಮೇಲೆ ಪದಗಳು ತಾವಾಗಿಯೇ ತೆರೆದುಕೊಂಡವು. ಥಾಯ್‌ನಲ್ಲಿ ಪದದ ಕೊನೆಯ ರ, ಲ ಎರಡೂ ‘ನ್’ ಆಗುತ್ತವೆ, ಆದರೆ ಬರೆಯುವುದು ಮೂಲದ ಹಾಗೆ. ‘ಆಹಾನ್’ ಅಂತ ಕೇಳಿದರೆ ಏನೂ ಹೊಳೆಯುವುದಿಲ್ಲ, ಓದಿದರೆ ಆಹಾರ. ‘ನಖೋನ್’ ನಗರ. ‘ವನ್ ಸುಕ್’ ಶುಕ್ರವಾರ, ಅಲ್ಲಿ ‘ರ’ ಬರೆದು ಅದರ ಮೇಲೆ ಓದಬೇಡಿ ಅಂತ ಗುರುತು ಹಾಕಿರುತ್ತಾರೆ. ನಾನು ಇದ್ದ ಪ್ರಾಂತ್ಯ ‘ಚೋನ್‌ಬುರಿ’, ಅಂದರೆ ಜಲಪುರಿ. ಊರು ‘ಸೀ ರಾಚಾ’, ಅಂದರೆ ಶ್ರೀರಾಜಾ. ತಿಂಗಳುಗಟ್ಟಲೆ ದಿನಾ ನೋಡುತ್ತಿದ್ದ ಬೋರ್ಡನ್ನು ಒಂದು ಬೆಳಗ್ಗೆ ಓದಿದಾಗ ಗಂಟಲು ಕಟ್ಟಿತು.

ಆಯ್ಕೆಗೆ ನಿಮ್ಮ ಕಾರಣವನ್ನೇ ನೋಡಿ. ಜಪಾನಿನಲ್ಲಿ ಕೆಲಸ ಬೇಕಿದ್ದರೆ ಬೇರೆ ಯೋಚನೆ ಬೇಡ. 2019ರಲ್ಲಿ ಬಂದ ಅವರ ಹೊಸ ಕೌಶಲ ವೀಸಾದ ಹೆಚ್ಚಿನ ಕ್ಷೇತ್ರಗಳಿಗೆ ಎನ್4 ಮಟ್ಟ ಬೇಕು. ಪರೀಕ್ಷೆ ಬೆಂಗಳೂರಲ್ಲೇ ಬರೆಯಬಹುದು. ಪಾಠದ ಪುಸ್ತಕ ಇಂಗ್ಲಿಷಿನದೇ ಆದರೂ ವಾಕ್ಯವನ್ನು ನೇರ ಕನ್ನಡಕ್ಕೆ ತನ್ನಿ. ಥಾಯ್ ಆದರೆ ಮೊದಲ ಮೂರು ತಿಂಗಳು ಬರೀ ಕೇಳಿ, ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಯಾರಾದರೂ ಥಾಯ್ ಜನರಿಗೆ ಕೇಳಿಸಿ. ನಮ್ಮ ತಪ್ಪು ನಮ್ಮ ಕಿವಿಗೆ ಸಿಗುವುದಿಲ್ಲ.

ಈಗಲೂ ನನಗೆ ಜಪಾನೀಸ್ ಫೋನ್ ಸುಲಭ, ಈಮೇಲ್ ಕಷ್ಟ. ಥಾಯ್‌ನಲ್ಲಿ ಮೆಸೇಜ್ ಓದುತ್ತೇನೆ, ಫೋನ್ ಬಂದರೆ ನಿಧಾನವಾಗಿ ಮಾತಾಡಿ ಅಂತ ಕೇಳಿಕೊಳ್ಳುತ್ತೇನೆ. ಲೈನಿನಲ್ಲಿ ಜೊತೆಗಿದ್ದ ಅಕ್ಕ ಒಬ್ಬರು ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಅವರು ಮೊದಲು ಕೇಳುವುದು ‘ಕಿನ್ ಖಾವ್ ರು ಯಂಗ್’, ಊಟ ಆಯ್ತಾ ಅಂತ. ಅಷ್ಟು ಮಾತ್ರ ಎಷ್ಟು ಬೇಗ ಹೇಳಿದರೂ ತಿಳಿಯುತ್ತದೆ.