ಬಾಸೆಲ್‌ನಲ್ಲಿ ಆರು ರಾತ್ರಿ: ಹೋಟೆಲ್ ಗೊತ್ತು ಮಾಡಿದ್ದು ಹೀಗೆ

ಜೂನ್ ಮೂರನೇ ವಾರ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬನ್ನಿ ಅಂತ ಅಲ್ಲಿಯ ಕಂಪನಿಯಿಂದ ಮೇಲ್ ಬಂತು. ನಾನು ಬೆಂಗಳೂರಿನಲ್ಲಿ ಒಂದು ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಹಿಂದಿನ ವರ್ಷ ಮಾರ್ಚ್‌ನಲ್ಲಿ ಒಮ್ಮೆ ಹೋಗಿ ಬಂದಿದ್ದೆ. ಆಗ ಉಳಿದಿದ್ದ ಕಡೆ ರಾತ್ರಿಗೆ 165 ಸ್ವಿಸ್ ಫ್ರಾಂಕ್ ಕೊಟ್ಟಿದ್ದೆ. ಈ ಸಲವೂ ಅಂಥದ್ದೇ ಒಂದು ನೋಡೋಣ ಅಂತ ಹುಡುಕಿದರೆ, ಸಾಧಾರಣ ಹೋಟೆಲ್‌ಗಳ ದರವೂ 430ರ ಹತ್ತಿರ ಇತ್ತು. ಒಂದು ಫ್ರಾಂಕ್ ನೂರು ರೂಪಾಯಿ ದಾಟಿ ಬಹಳ ದಿನ ಆಯ್ತು. ಆರು ರಾತ್ರಿಗೆ ಲೆಕ್ಕ ಹಾಕಿ ಗಾಬರಿಯಾಯಿತು.

ದಾವಣಗೆರೆ ಕಡೆಯ ಒಬ್ಬ ಅಕ್ಕ ಬಾಸೆಲ್‌ನಲ್ಲಿ ಬಹಳ ವರ್ಷದಿಂದ ಇದ್ದಾರೆ. ಅವರಿಗೆ ಫೋನ್ ಮಾಡಿದೆ.

"ಆ ವಾರನಾ? ಆರ್ಟ್ ಬಾಸೆಲ್ ಇದೆಯಲ್ಲಮ್ಮ! ಆ ವಾರ ಊರಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮೀಟಿಂಗನ್ನೇ ಮುಂಚೆ ಮಾಡ್ಕೊಳ್ಳೋಕಾಗುತ್ತಾ ಕೇಳು" ಅಂದರು.

ಆರ್ಟ್ ಬಾಸೆಲ್ ಅಂದರೆ 1970ರಲ್ಲಿ ಶುರುವಾದ ದೊಡ್ಡ ಕಲಾ ಮೇಳ. ಪ್ರತಿ ವರ್ಷ ಜೂನ್ ಮಧ್ಯದಲ್ಲಿ ನಡೆಯುತ್ತದೆ. ಜಗತ್ತಿನ ಎಲ್ಲ ಕಡೆಯಿಂದ ಗ್ಯಾಲರಿಯವರು, ಚಿತ್ರ ಕೊಳ್ಳುವವರು ಬರುತ್ತಾರೆ. ಊರು ಚಿಕ್ಕದು, ರೂಮುಗಳು ಇದ್ದಷ್ಟೇ. ನಾನು ಕೂಡಲೇ ಕಂಪನಿಯವರಿಗೆ ಬರೆದೆ. ಜೂನ್ ಮೊದಲ ವಾರ ಆದರೆ ನಮ್ಮ ಖರ್ಚು ಅರ್ಧಕ್ಕಿಂತ ಕಡಿಮೆ ಆಗುತ್ತದೆ, ನಿಮಗೆ ಅನುಕೂಲವೇ ಅಂತ ಕೇಳಿದೆ. ಮಾರನೇ ದಿನವೇ ಒಪ್ಪಿಗೆ ಬಂತು. ಆ ವಾರದ ದರ 180 ಫ್ರಾಂಕ್. ಒಂದೇ ಒಂದು ಮೇಲ್‌ನಿಂದ ಆರು ರಾತ್ರಿಗೆ 1,500 ಫ್ರಾಂಕ್ ಉಳಿಯಿತು. ಮೀಟಿಂಗ್ ದಿನ ಅಂದರೆ ಬದಲಾಗದ್ದು ಅಂತ ನಾವು ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ. ಕೇಳಿದರೆ ಎಷ್ಟೋ ಸಲ ಬದಲಾಗುತ್ತದೆ.

ಅದಕ್ಕೇ ಈಗ ನಾನು ಹೋಟೆಲ್ ನೋಡುವ ಮೊದಲು ಊರಿನ ಕ್ಯಾಲೆಂಡರ್ ನೋಡುತ್ತೇನೆ. ಬಾಸೆಲ್‌ನಲ್ಲಿ ಜೂನ್ ಒಂದೇ ಅಲ್ಲ. ಫಾಸ್ನಾಖ್ಟ್ ಅಂತ ಅವರ ಊರ ಹಬ್ಬ ಇದೆ. ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ ಬರುತ್ತದೆ. ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಬೀದಿ ದೀಪ ಎಲ್ಲ ಆರಿಸಿ, ಕಂದೀಲು ಹೊತ್ತು, ಡೋಲು ಕೊಳಲು ಬಾರಿಸುತ್ತಾ ಹೊರಡುತ್ತಾರೆ. ಮೂರು ದಿನ ಊರು ಅವರದ್ದೇ. ನೋಡಬೇಕು ಅಂತ ಹೋಗುವವರಿಗೆ ಅದೊಂದು ಭಾಗ್ಯ. ಬೆಳಿಗ್ಗೆ ಒಂಬತ್ತಕ್ಕೆ ಲೆಕ್ಕಪತ್ರ ಹಿಡಿದು ಕೂರಬೇಕಾದವರು ಆ ಮೂರು ದಿನ ಬಿಟ್ಟು ಬೇರೆ ದಿನ ನೋಡಿಕೊಳ್ಳಬೇಕು. ಅಕ್ಟೋಬರ್ ಕೊನೆಯಿಂದ ಎರಡು ವಾರ ಶರತ್ಕಾಲದ ಜಾತ್ರೆ ಇರುತ್ತದೆ. ಅದು 1471ರಿಂದ ನಡೆದು ಬಂದಿರುವ ಜಾತ್ರೆ.

ದಿನ ಗೊತ್ತಾದ ಮೇಲೆ ಜಾಗ. ಇಲ್ಲಿ ನಾನು ಫೋಟೋ, ನಕ್ಷತ್ರ ಯಾವುದನ್ನೂ ಮೊದಲು ನೋಡಲಿಲ್ಲ. ನಾನು ದಿನಾ ಹೋಗಬೇಕಾದ ಆಫೀಸಿನ ವಿಳಾಸ ಹಾಕಿ, ಅಲ್ಲಿಗೆ ಯಾವ ಟ್ರಾಮ್, ಎಲ್ಲಿ ಇಳಿಯಬೇಕು ಅಂತ ನೋಡಿದೆ. ರೈನ್ ನದಿ ಊರನ್ನು ಎರಡು ಭಾಗ ಮಾಡುತ್ತದೆ. ಹಳೇ ಪಟ್ಟಣ, ಮುಖ್ಯ ರೈಲು ನಿಲ್ದಾಣ ಇರುವ ಕಡೆ ದೊಡ್ಡ ಬಾಸೆಲ್. ಆಚೆ ದಡ ಚಿಕ್ಕ ಬಾಸೆಲ್. ಮೇಳಗಳು ನಡೆಯುವ ಮೆಸ್ಸೆ ಸಭಾಂಗಣ ಆಚೆ ದಡದಲ್ಲಿದೆ, ಅದರ ಸುತ್ತ ಬಿಸಿನೆಸ್ ಹೋಟೆಲ್‌ಗಳು ಜಾಸ್ತಿ. ರೋಷ್ ಅನ್ನೋ ಔಷಧ ಕಂಪನಿಯ ಎರಡು ಬಿಳಿ ಗೋಪುರಗಳೂ ಆ ದಡದಲ್ಲೇ. ದೊಡ್ಡದು 205 ಮೀಟರ್ ಎತ್ತರ, ಎಲ್ಲಿಂದ ನೋಡಿದರೂ ಕಾಣುತ್ತದೆ. ಇನ್ನೊಂದು ಔಷಧ ಕಂಪನಿ ನೊವಾರ್ಟಿಸ್ ಇರುವುದು ಈಚೆ ದಡದಲ್ಲಿ, ಫ್ರಾನ್ಸ್ ಗಡಿಗೆ ಅಂಟಿಕೊಂಡಂತೆ. ಅಂದರೆ ಯಾವ ಕಂಪನಿಗೆ ಹೋಗುತ್ತೀರಿ ಅನ್ನುವುದರ ಮೇಲೆ ದಡ ಆರಿಸಬೇಕು. ದೂರ ಅಂತೂ ಬೆಂಗಳೂರಿನ ಲೆಕ್ಕದಲ್ಲಿ ದೂರವೇ ಅಲ್ಲ. ಆದರೆ ಬೆಳಿಗ್ಗೆ ಟ್ರಾಮ್ ಬದಲಿಸದೆ ನೇರ ಹೋಗುವ ನೆಮ್ಮದಿಯೇ ಬೇರೆ.

ಇನ್ನೂ ಅಗ್ಗ ಬೇಕು ಅಂದರೆ ಗಡಿ ದಾಟಿ ಉಳಿಯುವವರೂ ಇದ್ದಾರೆ. ಬಾಸೆಲ್‌ನ 8ನೇ ನಂಬರ್ ಟ್ರಾಮ್ ಜರ್ಮನಿಯ ವೈಲ್ ಆಮ್ ರೈನ್‌ಗೆ ಹೋಗುತ್ತದೆ, 3ನೇ ನಂಬರ್ ಫ್ರಾನ್ಸಿನ ಸೇಂಟ್ ಲೂಯಿಗೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾ ಈ ಮೂರು ದೇಶಕ್ಕೂ ನಡೆಯುತ್ತದೆ. ನಾನು ಅದನ್ನೂ ಯೋಚಿಸಿದೆ, ಬೇಡ ಅಂದುಕೊಂಡೆ. ಯಾಕೆಂದರೆ ಬಾಸೆಲ್ ನಗರದೊಳಗಿನ ಹೋಟೆಲ್‌ನಲ್ಲಿ ಉಳಿದವರಿಗೆ ಬಾಸೆಲ್ ಕಾರ್ಡ್ ಕೊಡುತ್ತಾರೆ. ಉಳಿದಷ್ಟು ದಿನ ಟ್ರಾಮ್, ಬಸ್ಸು ಉಚಿತ. ಮ್ಯೂಸಿಯಮ್‌ಗಳಿಗೆ ಅರ್ಧ ದರ. ಬಂದ ದಿನ ಕಾರ್ಡ್ ಕೈಗೆ ಸಿಗುವ ಮೊದಲೇ, ಹೋಟೆಲ್ ಬುಕಿಂಗ್ ಪತ್ರ ತೋರಿಸಿದರೆ ಸಾಕು, ನಿಲ್ದಾಣದಿಂದ ಹೋಟೆಲ್‌ವರೆಗಿನ ಪ್ರಯಾಣಕ್ಕೆ ಅದೇ ಟಿಕೆಟ್. ಅದಕ್ಕಾಗಿ ಆ ಪತ್ರವನ್ನು ಪ್ರಿಂಟ್ ಹಾಕಿಸಿ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ.

ಈ ಪ್ರಿಂಟ್ ಮಾತಿಗೆ ಕಾರಣ ಇದೆ. ಮೊದಲ ಸಲ ಹೋದಾಗ ಆದದ್ದನ್ನು ಹೇಳಬೇಕು.

ಆಗ ನಾನು ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ರೈಲಿನಲ್ಲಿ ಬಂದೆ. ಭಾನುವಾರ ರಾತ್ರಿ ಹತ್ತೂಕಾಲು. ಬಾಡಿಷರ್ ನಿಲ್ದಾಣದಲ್ಲಿ ಇಳಿದೆ. ಆ ನಿಲ್ದಾಣ ಇರುವುದು ಸ್ವಿಸ್ ನೆಲದಲ್ಲಿ, ನಡೆಸುವುದು ಜರ್ಮನಿಯ ರೈಲ್ವೆ. ಹೋಟೆಲ್ ಏಳೆಂಟು ನಿಮಿಷದ ನಡಿಗೆ. ಹೋಗಿ ನೋಡಿದರೆ ಗಾಜಿನ ಬಾಗಿಲು ಮುಚ್ಚಿದೆ, ಒಳಗೆ ಯಾರೂ ಇಲ್ಲ. ಪಕ್ಕದಲ್ಲಿ ನಂಬರ್ ಒತ್ತುವ ಒಂದು ಪುಟ್ಟ ಪೆಟ್ಟಿಗೆ. ಭಾನುವಾರ ರಾತ್ರಿ ಎಂಟರ ಮೇಲೆ ರಿಸೆಪ್ಷನ್ ಇರುವುದಿಲ್ಲ, ಬಾಗಿಲಿನ ಕೋಡ್ ಮೇಲ್‌ನಲ್ಲಿ ಕಳಿಸಿದ್ದೇವೆ ಅಂತ ಚೀಟಿ ಅಂಟಿಸಿದ್ದರು. ಮೇಲ್ ತೆರೆಯೋಣ ಅಂದರೆ ಇಂಟರ್ನೆಟ್ ಇಲ್ಲ. ನಾನು ಹಾಕಿಸಿದ್ದು ಸ್ವಿಟ್ಜರ್ಲೆಂಡಿಗೆ ಮಾತ್ರ ನಡೆಯುವ ರೋಮಿಂಗ್ ಪ್ಯಾಕ್. ನನ್ನ ಫೋನ್ ಹಿಡಿದಿದ್ದು ಜರ್ಮನಿಯ ಟವರ್. ಗಡಿ ಊರಿನಲ್ಲಿ ಇದು ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಸುತ್ತ ಒಂದು ಅಂಗಡಿ ತೆರೆದಿರಲಿಲ್ಲ. ಚಳಿ, ಕತ್ತಲು, ಕೈಯಲ್ಲಿ ದೊಡ್ಡ ಸೂಟ್‌ಕೇಸ್. ಇಪ್ಪತ್ತು ನಿಮಿಷ ಆದ ಮೇಲೆ ಅಲ್ಲೇ ಉಳಿದಿದ್ದ ಒಬ್ಬ ಹಿರಿಯರು ಬಂದು ಬಾಗಿಲು ತೆಗೆದರು. ಒಳಗಿನ ವೈಫೈ ಸಿಕ್ಕಿ, ಮೇಲ್ ತೆರೆದು, ಬೀಗದ ಪೆಟ್ಟಿಗೆಯಿಂದ ಕೀ ತೆಗೆದುಕೊಂಡೆ. ಆ ಇಪ್ಪತ್ತು ನಿಮಿಷದ ಭಯ ಇವತ್ತಿಗೂ ಮರೆತಿಲ್ಲ. ಒಬ್ಬಳೇ ಪ್ರಯಾಣ ಮಾಡುವ ಹೆಣ್ಣುಮಗಳಿಗೆ ಅಂಥ ಪರಿಸ್ಥಿತಿ ಬರಬಾರದು.

ಅದಕ್ಕೇ ಈ ಸಲ ಬುಕ್ ಮಾಡುವ ಮೊದಲೇ ಹೋಟೆಲ್‌ಗೆ ನೇರವಾಗಿ ಮೇಲ್ ಬರೆದೆ. ರಿಸೆಪ್ಷನ್ ಎಷ್ಟು ಹೊತ್ತಿನವರೆಗೆ ಇರುತ್ತದೆ? ತಡವಾದರೆ ಒಳಗೆ ಬರುವುದು ಹೇಗೆ? ಬೀದಿ ಕಡೆ ಅಲ್ಲದೆ ಒಳಅಂಗಳದ ಕಡೆ ರೂಮ್ ಸಿಗುತ್ತದೆಯೇ? ಟ್ರಾಮ್ ತಿರುವಿನಲ್ಲಿ ಕಿರ್ ಅನ್ನುವ ಸದ್ದು ಬೆಳಗಿನ ಜಾವಕ್ಕೇ ಶುರುವಾಗುತ್ತದೆ, ಆ ಕಾರಣಕ್ಕೆ ಕೇಳಿದ್ದು. ರೂಮಿನಲ್ಲಿ ಎಸಿ ಇದೆಯೇ ಅಂತಲೂ ಕೇಳಿದೆ. ಹಳೇ ಕಟ್ಟಡದ ಹೋಟೆಲ್‌ಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ, ಜೂನ್‌ನಲ್ಲಿ ಸೆಕೆ ಚೆನ್ನಾಗೇ ಇರುತ್ತದೆ. ನೀರು ಕಾಯಿಸುವ ಕೆಟಲ್ ಕೊಡುತ್ತೀರಾ? ಎಲ್ಲಕ್ಕೂ ಒಂದೇ ದಿನದಲ್ಲಿ ಉತ್ತರ ಬಂತು. ಇಂಥ ಮೇಲ್‌ಗೆ ಉತ್ತರ ಕೊಡದ ಕಡೆ ನಾನು ಉಳಿಯುವುದಿಲ್ಲ. ರೋಮಿಂಗ್ ಪ್ಯಾಕನ್ನೂ ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರಕ್ಕೂ ನಡೆಯುವುದನ್ನೇ ಹುಡುಕಿ ಹಾಕಿಸಿದೆ. ಭಾನುವಾರದ ಬದಲು ಸೋಮವಾರ ಮಧ್ಯಾಹ್ನ ತಲುಪುವ ವಿಮಾನ ಆರಿಸಿದೆ.

ಬುಕಿಂಗ್ ಮಾಡುವಾಗ ಎರಡು ದರ ಕಾಣುತ್ತದೆ. ರದ್ದು ಮಾಡಿದರೆ ದುಡ್ಡು ವಾಪಸ್ ಬಾರದ್ದು ಕಡಿಮೆ, ವಾಪಸ್ ಬರುವುದು ಜಾಸ್ತಿ. ವೀಸಾ ಕೈಗೆ ಬರುವ ತನಕ ನಾನು ಜಾಸ್ತಿ ದರದ್ದೇ ತೆಗೆದುಕೊಳ್ಳುತ್ತೇನೆ. ವೀಸಾ ಅರ್ಜಿಗೆ ಹೋಟೆಲ್ ಬುಕಿಂಗ್ ಪತ್ರ ಬೇಕು, ಆಹ್ವಾನ ಪತ್ರ ಬೇಕು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಈ ಮೂರರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಕಡೆಯವರಿಗೆ ತೊಂದರೆ ಆಗುವುದು ಇಲ್ಲೇ. ಆಫೀಸಿನಲ್ಲಿ ನಮ್ಮ ಹೆಸರಿಗೆ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿ ಬರೆದಿರುತ್ತಾರೆ. ನನ್ನ ಆಹ್ವಾನ ಪತ್ರದಲ್ಲಿ ಆಫೀಸಿನ ಹೆಸರು, ಹೋಟೆಲ್ ಪತ್ರದಲ್ಲಿ ಪಾಸ್‌ಪೋರ್ಟ್ ಹೆಸರು ಬಂದಿತ್ತು. ಅರ್ಜಿ ಕೊಡುವ ಮೊದಲೇ ಕಣ್ಣಿಗೆ ಬಿತ್ತು, ಆಹ್ವಾನ ಪತ್ರ ತಿದ್ದಿಸಿಕೊಂಡೆ. ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಎದುರಿಗೆ ಇಟ್ಟುಕೊಂಡೇ ಬುಕಿಂಗ್ ಮಾಡಿ.

ದುಡ್ಡಿನ ವಿಷಯ ಜಾಸ್ತಿ ಇಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುವುದು ಫ್ರಾಂಕ್, ಯೂರೋ ಅಲ್ಲ. ಫಾರೆಕ್ಸ್ ಕಾರ್ಡ್‌ಗೆ, ಅಂದರೆ ವಿದೇಶಿ ಹಣ ತುಂಬಿಸಿ ಒಯ್ಯುವ ಕಾರ್ಡ್‌ಗೆ, ಫ್ರಾಂಕನ್ನೇ ಹಾಕಿಸಿ. ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಫ್ರಾಂಕ್‌ನಲ್ಲಾ" ಅಂತ ಕೇಳಿದರೆ ಫ್ರಾಂಕ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ, ನಮಗೆ ನಷ್ಟ.

ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ. ಅಲ್ಲಿಂದ ಬಾಸೆಲ್‌ಗೆ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ರೈಲ್ವೆಯವರ ಆ್ಯಪ್‌ನಲ್ಲಿ ಅಗ್ಗದ ಟಿಕೆಟ್ ಇರುತ್ತದೆ, ಆದರೆ ಅದು ಒಂದೇ ನಿರ್ದಿಷ್ಟ ರೈಲಿಗೆ ಮಾತ್ರ. ವಿಮಾನ ತಡವಾದರೆ ಹೋಯ್ತು. ನಾನು ಹೋಗುವಾಗ ಆ ದಿನದ ಯಾವ ರೈಲಿಗಾದರೂ ನಡೆಯುವ ಮಾಮೂಲಿ ಟಿಕೆಟ್ ತೆಗೆದುಕೊಂಡೆ, ವಾಪಸ್ ಬರುವಾಗ ಅಗ್ಗದ್ದು.

ಇನ್ನು ಊಟ. ನಾನು ಸಸ್ಯಾಹಾರಿ. ಹೋಟೆಲ್ ತಿಂಡಿಗೆ ಬೇರೆಯಾಗಿ 22 ಫ್ರಾಂಕ್ ಕೇಳಿದರು. ಆರೂ ದಿನಕ್ಕೆ ಬೇಡ ಅಂದು, ಮೀಟಿಂಗ್ ಬೆಳಿಗ್ಗೆ ಬೇಗ ಇದ್ದ ಎರಡು ದಿನಕ್ಕೆ ಮಾತ್ರ ಹೇಳಿದೆ. ಉಳಿದ ದಿನ ರೂಮಿನಲ್ಲೇ ಅವಲಕ್ಕಿಗೆ ಬಿಸಿನೀರು ಚಿಮುಕಿಸಿ, ಚಟ್ನಿಪುಡಿ ಕಲಸಿಕೊಂಡೆ. ಜೊತೆಗೆ ಕೋಪ್ ಅನ್ನೋ ದಿನಸಿ ಅಂಗಡಿಯ ಮೊಸರು. ಮುಖ್ಯ ರೈಲು ನಿಲ್ದಾಣದ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ, ಊರಿನ ಉಳಿದ ಅಂಗಡಿಗಳು ಮುಚ್ಚಿರುತ್ತವೆ. ರಾತ್ರಿ ಊಟಕ್ಕೆ ಟಿಬಿಟ್ಸ್ ಅನ್ನೋ ಸಸ್ಯಾಹಾರಿ ಜಾಗ. ತಟ್ಟೆಗೆ ಬೇಕಾದ್ದು ಹಾಕಿಕೊಂಡು ತೂಕಕ್ಕೆ ದುಡ್ಡು ಕೊಡುವುದು. ಒಂದು ಮಾತು, ಗ್ರುಯೇರ್ ಥರದ ಸ್ವಿಸ್ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥ ಬಳಸುತ್ತಾರೆ. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರಿಗೆ ಇದು ಗೊತ್ತಿರಬೇಕು ಅಲ್ವಾ. ಕುಡಿಯುವ ನೀರಿಗೆ ದುಡ್ಡು ಕೊಡಬೇಡಿ. ನಲ್ಲಿ ನೀರೇ ಚೆನ್ನಾಗಿದೆ. ಬೀದಿಯಲ್ಲೂ ಹಸಿರು ಬಣ್ಣದ ಪುಟ್ಟ ಕಾರಂಜಿಗಳಿವೆ, ಬಾಟಲಿ ತುಂಬಿಸಿಕೊಳ್ಳಬಹುದು.

ಅಲ್ಲಿಯವರಿಗೆ ಕೊಡಲು ಪೇಡ ಒಯ್ಯೋಣ ಅಂದುಕೊಂಡಿದ್ದೆ. ಆದರೆ ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ಸ್ವಿಟ್ಜರ್ಲೆಂಡಿಗೆ ತರುವಂತಿಲ್ಲ. ಹಸಿ ಕರಿಬೇವೂ ಬೇಡ. ಅಕ್ಕನಿಗೆ ಮೈಸೂರ್ ಸ್ಯಾಂಡಲ್ ಸೋಪು, ಒಣ ಸಾರಿನಪುಡಿ ಕೊಟ್ಟೆ. ಅವರು ಪುಡಿಯ ಪೊಟ್ಟಣ ಬಿಚ್ಚಿ ಮೂಸಿ ನೋಡಿ, ಒಂದು ಕ್ಷಣ ಮಾತೇ ಆಡಲಿಲ್ಲ.

ರೂಮ್ ಚಿಕ್ಕದು. ಎರಡು ಪುಟ್ಟ ಹಾಸಿಗೆ ಜೋಡಿಸಿ ಒಂದು ಮಾಡಿದ್ದರು, ಹೊದಿಕೆಯೂ ಎರಡು. ಅಲ್ಲಿ ಅದೇ ರೂಢಿ. ಗೋಡೆಯ ಪ್ಲಗ್‌ಗೆ ನಮ್ಮ ಮೂರು ಕಡ್ಡಿಯ ಪಿನ್ ಹೋಗುವುದಿಲ್ಲ. ಫೋನ್ ಚಾರ್ಜರಿನ ಎರಡು ತೆಳು ಕಡ್ಡಿಯ ಪಿನ್ ಹೋಗುತ್ತದೆ. ಲ್ಯಾಪ್‌ಟಾಪ್‌ಗೆ ಸ್ವಿಸ್ ಅಡಾಪ್ಟರ್ ಬೇಕೇ ಬೇಕು. ಬೆಳಿಗ್ಗೆ ಊದುಬತ್ತಿ ಹಚ್ಚುವ ಅಭ್ಯಾಸ ಇದ್ದವರು ಅಲ್ಲಿ ಹಚ್ಚಬೇಡಿ, ಹೊಗೆ ಹಿಡಿಯುವ ಯಂತ್ರ ಕೂಗಿದರೆ ಹೋಟೆಲ್ಲಿಗೆ ಹೋಟೆಲ್ಲೇ ಹೊರಗೆ ಬರಬೇಕಾಗುತ್ತದೆ.

ಕೆಲಸ ಮುಗಿದ ಒಂದು ಸಂಜೆ ನದಿ ದಾಟಲು ಸೇತುವೆ ಬಿಟ್ಟು ದೋಣಿ ಹತ್ತಿದೆ. ಆ ದೋಣಿಗೆ ಎಂಜಿನ್ ಇಲ್ಲ. ನದಿಗೆ ಅಡ್ಡ ಕಟ್ಟಿದ ತಂತಿಗೆ ಹಗ್ಗ ಸಿಕ್ಕಿಸಿರುತ್ತಾರೆ, ಹರಿವ ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಪಕ್ಕದಲ್ಲೇ ಜನ ಆಫೀಸ್ ಮುಗಿಸಿ, ಬಟ್ಟೆಯನ್ನು ಮೀನಿನ ಆಕಾರದ ನೀರು ಹೋಗದ ಚೀಲದಲ್ಲಿ ತುಂಬಿ, ಅದನ್ನೇ ಹಿಡಿದು ಹೊಳೆಯಲ್ಲಿ ತೇಲಿ ಮನೆ ಕಡೆ ಹೋಗುತ್ತಿದ್ದರು. ನಾನು ಆಚೆ ದಡ ಮುಟ್ಟಿ, ಮತ್ತೆ ಅದೇ ದೋಣಿಯಲ್ಲಿ ವಾಪಸ್ ಬಂದೆ.

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲಿನ ಕರಡು ಕೇಳಿ ನೋಡಿದೆ. ನನ್ನ ಹೆಸರಷ್ಟೇ ಇತ್ತು, ಕಂಪನಿಯ ಹೆಸರು ವಿಳಾಸ ಇರಲಿಲ್ಲ. ರೂಮ್ ಬಾಡಿಗೆ, ತಿಂಡಿ, ನಗರದ ತೆರಿಗೆ ಎಲ್ಲ ಬೇರೆ ಬೇರೆ ಸಾಲಿನಲ್ಲಿ ತೋರಿಸಿ ಅಂತಲೂ ಕೇಳಿದೆ. ರಿಸೆಪ್ಷನ್ ಹುಡುಗಿ ಐದು ನಿಮಿಷದಲ್ಲಿ ತಿದ್ದಿ ಕೊಟ್ಟಳು. ಬೆಂಗಳೂರಿಗೆ ಬಂದ ಮೇಲೆ ನಮ್ಮ ಲೆಕ್ಕದ ವಿಭಾಗದ ಹುಡುಗ ಫೋನ್ ಮಾಡಿ, "ಮೇಡಂ, ಈ ಸಲ ಏನೂ ಪ್ರಶ್ನೆ ಇಲ್ಲ, ಪಾಸ್ ಮಾಡಿದೀನಿ" ಅಂದ.