ಎಳೀಬೇಡ, ಬಿಚ್ಚಿಕೊಳ್ಳೋಕೆ ಬಿಡು: ಕೆರೆ ದಂಡೆಯಲ್ಲಿ ಕಲಿತ ಚಿಗಾಂಗ್

ಆಯಿ ನನ್ನ ಬಲ ಭುಜದ ಮೇಲೆ ಎರಡು ಬೆರಳಿಟ್ಟು “ಈಗ ಕೈ ಎತ್ತು” ಅಂದರು. ಎತ್ತಿದೆ. “ಮೊದಲು ಎದ್ದಿದ್ದು ಯಾವುದು?” ಕೈ ಅಂದೆ. ಅವರು ನಕ್ಕು ಭುಜದ ಮೇಲಿದ್ದ ಬೆರಳನ್ನೇ ತೋರಿಸಿದರು. ಅಂಗೈ ಹೊಟ್ಟೆ ಹತ್ತಿರದಿಂದ ಎದೆಮಟ್ಟಕ್ಕೆ ಬರುವ ಮೊದಲೇ ಭುಜ ಕಿವಿ ಕಡೆಗೆ ಜಿಗಿದುಬಿಟ್ಟಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಮತ್ತೆ ಎತ್ತಿದೆ, ಮತ್ತೆ ಅದೇ. ಆರನೇ ಸಲ “ಇನ್ನೂ ನಿಧಾನ” ಅಂದರು. ಎಷ್ಟು ನಿಧಾನ ಅಂತ ಕೇಳಿದೆ. ಕೆರೆಯಲ್ಲಿ ಕಸ ಎತ್ತುತ್ತಾ ಬರುತ್ತಿದ್ದ ದೋಣಿ ತೋರಿಸಿ, ಅದು ಸೇತುವೆ ಮುಟ್ಟುವವರೆಗೂ ನಿನ್ನ ಕೈ ತಲೆ ಮೇಲೆ ಹೋಗಬಾರದು ಅಂದರು.

ಇದು 2017ರ ಮಾತು. ಊರು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಕೆಚ್ಯಾವ್, ಶಾವ್‌ಶಿಂಗ್ ನಗರಕ್ಕೆ ಸೇರಿದ್ದು. ಬಟ್ಟೆ ವ್ಯಾಪಾರದವರಿಗೆ ಈ ಹೆಸರು ಗೊತ್ತಿರುತ್ತದೆ. ದೊಡ್ಡ ಬಟ್ಟೆ ಮಾರ್ಕೆಟ್ ಇದೆ. ಭಾರತದ ವ್ಯಾಪಾರಿಗಳೂ ತುಂಬಾ ಜನ ಇದ್ದಾರೆ, ದಾಲ್ ರೈಸ್ ಸಿಗುವ ಹೋಟೆಲ್ ಹುಡುಕಬೇಕಾಗಿಲ್ಲ. ನನ್ನದು ಬಟ್ಟೆ ಚೆಕ್ ಮಾಡುವ ಕೆಲಸ. ಕಂಟೇನರ್‌ಗೆ ಹೋಗುವ ಮುಂಚೆ ರೋಲ್‌ಗಳನ್ನು ದೀಪದ ಮೇಜಿನ ಮೇಲೆ ಓಡಿಸಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಬಣ್ಣ ಕಲೆಯಾಗಿದೆ ಅಂತ ನೋಡಿ ಪಾಯಿಂಟ್ ಹಾಕುವುದು. ಮೂರು ಇಂಚಿನೊಳಗಿನ ದೋಷಕ್ಕೆ ಒಂದು ಪಾಯಿಂಟ್, ಒಂಬತ್ತು ಇಂಚು ದಾಟಿದರೆ ನಾಲ್ಕು. ದಿನಕ್ಕೆ ಹತ್ತು ಗಂಟೆ ಬಗ್ಗಿ ನಿಂತು ಕುತ್ತಿಗೆ ಮರದ ಹಾಗೆ ಆಗಿತ್ತು. ರಾತ್ರಿ ಕಣ್ಣು ಮುಚ್ಚಿದರೂ ಬಟ್ಟೆ ಓಡುತ್ತಲೇ ಇರುತ್ತಿತ್ತು.

ನಿದ್ದೆ ಬಾರದೆ ಬೆಳಗ್ಗೆ ಐದೂವರೆಗೇ ಗ್ವಾಝು ಕೆರೆ ಸುತ್ತೋಕೆ ಹೋಗುತ್ತಿದ್ದೆ. ಅಲ್ಲಿ ಮರಗಳ ಕೆಳಗೆ ಹತ್ತು ಹನ್ನೆರಡು ಜನ ವಯಸ್ಸಾದವರು. ಪಕ್ಕದಲ್ಲೇ ಇನ್ನೊಂದು ಗುಂಪು ಸ್ಪೀಕರ್ ಇಟ್ಟುಕೊಂಡು ಡ್ಯಾನ್ಸ್ ಮಾಡುತ್ತಿದ್ದರೂ ಇವರಿಗೆ ಅದರ ಗೊಡವೆ ಇಲ್ಲ. ಹೇಳಿಕೊಡುತ್ತಿದ್ದವರು ಮಿಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದ ಎಪ್ಪತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ‘ಆಯಿ’ ಅನ್ನುತ್ತಿದ್ದರು. ಚೀನೀ ಭಾಷೆಯಲ್ಲಿ ದೊಡ್ಡ ಹೆಂಗಸರನ್ನು ಹಾಗೆ ಕರೆಯುತ್ತಾರೆ, ನಮ್ಮ ಚಿಕ್ಕಮ್ಮ, ಆಂಟಿ ಇದ್ದ ಹಾಗೆ. ನನ್ನ ರೂಮ್‌ಮೇಟ್ ಧಾರವಾಡದವನು. ಇದು ಕೇಳಿ ಅವನಿಗೆ ಖುಷಿಯೋ ಖುಷಿ. “ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಲೇ!”

ಆ ಗುಂಪು ಮಾಡುತ್ತಿದ್ದುದು ಬಾದ್ವಾನ್‌ಜಿನ್. ಚಿಗಾಂಗ್ ಅಂದರೆ ನಿಧಾನ ಚಲನೆ, ಉಸಿರು, ಗಮನ ಸೇರಿದ ಚೀನೀ ಅಭ್ಯಾಸ, ಅದರಲ್ಲಿ ಇದೊಂದು ಬಗೆ. ಹೆಸರಿನ ಅರ್ಥ ಎಂಟು ತುಂಡು ಜರತಾರಿ ರೇಷ್ಮೆ. ಎಂಟು ಚಲನೆ, ಅಷ್ಟೇ. ಎರಡು ಕೈಯಲ್ಲಿ ಆಕಾಶ ಎತ್ತುವುದು, ಬಿಲ್ಲು ಎಳೆಯುವುದು, ಒಂದು ಕೈ ಮೇಲೆ ಒಂದು ಕೈ ಕೆಳಗೆ ಒತ್ತುವುದು, ಹಿಂದಕ್ಕೆ ತಿರುಗಿ ನೋಡುವುದು, ಹೀಗೆ. ಕೊನೆಯದು ಹಿಮ್ಮಡಿ ಎತ್ತಿ ಇಳಿಸುವುದು. ಇದರಲ್ಲಿ ಹಳೆಯ ಕ್ರಮಗಳು ಬೇಕಾದಷ್ಟಿವೆ. ಈಗ ಪಾರ್ಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು 2003ರಲ್ಲಿ ಚೀನಾದ ಕ್ರೀಡಾ ಇಲಾಖೆ ಒಂದು ಹದಕ್ಕೆ ತಂದು ಹೊರಡಿಸಿದ ಕ್ರಮ. ಒಂದೊಂದು ಚಲನೆ ಆರು ಸಲ, ಕೊನೆಯದು ಏಳು. ಸಂಗೀತ ಹಾಕಿಕೊಂಡು ಮಾಡಿದರೆ ಸುಮಾರು ಹನ್ನೆರಡು ನಿಮಿಷ. ಆಯಿ ಸಂಗೀತ ಹಾಕುತ್ತಿರಲಿಲ್ಲ. ನಮಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು.

ನಾನು ಎರಡೇ ದಿನದಲ್ಲಿ ಎಂಟೂ ಕಲಿತೆ ಅಂದುಕೊಂಡೆ. ಆಮೇಲೆ ಭುಜದ ಮೇಲೆ ಆ ಎರಡು ಬೆರಳು ಬಂತು.

ಬೇಗ ಎತ್ತಿದರೆ ಕೈ ಸುಲಭವಾಗಿ ಹೋಗುತ್ತದೆ. ನಿಧಾನ ಮಾಡಿದರೆ ಮಧ್ಯದಲ್ಲಿ ಎಲ್ಲೋ ಒಂದು ಕಡೆ ತಟ್ಟನೆ ಹಾರುತ್ತದೆ. ನನಗೆ ಅದು ಎದೆಮಟ್ಟದಲ್ಲಿ. ಆ ನಾಲ್ಕು ಇಂಚನ್ನು ದೇಹ ಮಾಡುವುದೇ ಇಲ್ಲ, ಜಿಗಿದು ದಾಟುತ್ತದೆ. ವರ್ಷಗಟ್ಟಲೆ ರೋಲ್ ಎತ್ತಿ ಭುಜವೇ ಎಲ್ಲ ಕೆಲಸ ಮೈಮೇಲೆ ಹಾಕಿಕೊಂಡಿತ್ತು. ಬಟ್ಟೆಯಲ್ಲಿ ತಪ್ಪಿದ ಎಳೆಯನ್ನು ಹತ್ತು ಅಡಿ ದೂರದಿಂದ ಹಿಡಿಯುವ ನನಗೆ ನನ್ನ ಕೈಯಲ್ಲಿ ತಪ್ಪಿದ್ದು ಕಂಡಿರಲಿಲ್ಲ.

ಆಯಿ ವಿವರಿಸೋಕೆ ನೋಡಿದರು. ಆಗ ನನ್ನ ಚೀನೀ ಭಾಷೆ ಅಂದರೆ ಮೀಟರ್, ಬಣ್ಣ, ‘ಸ್ವಲ್ಪ ಕಡಿಮೆ ಮಾಡಿ’, ಇಷ್ಟೇ. ಅವರು ಹೇಳಿದ್ದರಲ್ಲಿ ಒಂದು ಪದ ಮಾತ್ರ ಮಾರ್ಕೆಟ್‌ನಿಂದ ಗೊತ್ತಿತ್ತು: ರೇಷ್ಮೆ. ಆಮೇಲೆ ಬೆರಳುಗಳಲ್ಲಿ ಗಾಳಿಯಿಂದ ಏನನ್ನೋ ಎಳೆದು ತೋರಿಸಿದರು. ಅರ್ಥವಾಗಿ ನಗು ಬಂತು. ನಮ್ಮ ಮನೆ ಶಿಡ್ಲಘಟ್ಟ. ಅಮ್ಮ ಮದುವೆಯಾದಾಗಿನಿಂದ ನೂಲು ಬಿಚ್ಚಾಣಿಕೆ ಮಾಡಿದವರು. ಬಿಸಿನೀರಿನಲ್ಲಿ ಗೂಡು ಕುಣಿಯುತ್ತಿರುತ್ತವೆ, ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ತೆಗೆಯಬೇಕು. ಜೋರಾಗಿ ಎಳೆದರೆ ಕಿತ್ತುಹೋಗುತ್ತದೆ. ನಿಲ್ಲಿಸಿ ಸುಮ್ಮನಾದರೆ ಅಂಟು ಹಿಡಿದು ಕೂರುತ್ತದೆ. ಚಿಕ್ಕಂದಿನಲ್ಲಿ ಆಟಕ್ಕೆ ಕೈ ಹಾಕಿದರೆ ಅಮ್ಮ ಬೈಯುತ್ತಿದ್ದರು, “ಎಳೀಬೇಡ್ವೋ, ಅದೇ ಬಿಚ್ಚಿಕೊಳ್ಳೋಕೆ ಬಿಡು!” ತಾಯ್‌ಚಿ ಅನ್ನುವ ನಿಧಾನ ಚಲನೆಯ ಚೀನೀ ಸಮರಕಲೆ ಮಾಡುವವರಲ್ಲಿ ‘ಗೂಡಿನಿಂದ ರೇಷ್ಮೆ ತೆಗೆದ ಹಾಗೆ’ ಅನ್ನುವುದು ಹಳೆಯ ಮಾತಂತೆ. ಅವರಿಗೆ ಅದು ಗಾದೆ ಥರ. ನನಗೆ ಅದು ಹುಳುವಿನ ವಾಸನೆ ಸಮೇತ ಇತ್ತು.

ಅವತ್ತಿನಿಂದ ಒಂದು ತಿಂಗಳು ಮೊದಲ ಚಲನೆ ಒಂದನ್ನೇ ಮಾಡಿದೆ. ಆಕಾಶ ಎತ್ತುವುದು. ಇದು ‘ಸಾನ್‌ಜ್ಯಾವ್’ ಸರಿಮಾಡುತ್ತದೆ ಅನ್ನುತ್ತಾರೆ. ಮೂರು ಒಲೆ ಅಂತ ಹೇಳಬಹುದು: ಎದೆಯಲ್ಲೊಂದು, ಹೊಟ್ಟೆಯಲ್ಲೊಂದು, ಕಿಬ್ಬೊಟ್ಟೆಯಲ್ಲೊಂದು. ಒಲೆ ಸರಿಹೋಯಿತೋ ಇಲ್ಲವೋ, ಭುಜ ಇಳಿಯಿತು. ಮೂರನೇ ವಾರ ಕೈ ಎದೆಮಟ್ಟ ದಾಟುವಾಗ ಮೊದಲ ಸಲ ಹಾರಲಿಲ್ಲ. ಪಕ್ಕೆಯೊಳಗೆ ಏನೋ ಉದ್ದಕ್ಕೆ ಬಿಚ್ಚಿಕೊಂಡ ಹಾಗಾಯಿತು. ಆಯಿ ಏನೂ ಹೇಳಲಿಲ್ಲ. ಬೆರಳು ತೆಗೆದರು, ಅಷ್ಟೇ.

ಇದರ ಜತೆ ನಿಲ್ಲುವುದು. ಜಾನ್ ಜ್ವಾಂಗ್, ಅಂದರೆ ಕಂಬದ ಹಾಗೆ ನಿಲ್ಲುವುದು. ನೋಡುವವರಿಗೆ ಇದು ತಮಾಷೆ. ಕಾಲು ಭುಜದಷ್ಟು ಅಗಲ, ಮಂಡಿ ಬಿಗಿ ಬಿಟ್ಟು ಸ್ವಲ್ಪವೇ ಸ್ವಲ್ಪ ಬಗ್ಗಿರಬೇಕು, ಬೆನ್ನಿನ ಕೊನೆ ಎತ್ತರದ ಸ್ಟೂಲ್ ಮೇಲೆ ಕೂರೋಕೆ ಹೊರಟ ಹಾಗೆ ಕೆಳಗೆ. ಎರಡೂ ಕೈ ಎದೆ ಮುಂದೆ ಮರ ತಬ್ಬಿಕೊಂಡ ಹಾಗೆ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ. ಉಸಿರಿಗೆ ಏನೂ ಮಾಡಬಾರದು. ಮೊದಲ ದಿನ ಮೂರು ನಿಮಿಷಕ್ಕೆ ತೊಡೆ ಗಡಗಡ ನಡುಗಿತು. ನಾಲ್ಕು ತಿಂಗಳಿಗೆ ಇಪ್ಪತ್ತು ನಿಮಿಷ ಮುಟ್ಟಿದೆ. ಮಧ್ಯದಲ್ಲಿ ಜಾಸ್ತಿ ಬಗ್ಗಿ ನಿಂತು ಎಡ ಮಂಡಿ ನೋವು ತಂದುಕೊಂಡಿದ್ದೂ ಇದೆ. ಮಂಡಿ ಕಾಲಿನ ಬೆರಳು ದಾಟಬಾರದು, ಒಳಗೆ ವಾಲಬಾರದು. ಇದನ್ನು ಯಾರಾದರೂ ಶುರುಮಾಡುವುದಿದ್ದರೆ ಮೊದಲ ದಿನವೇ ನೋಡಿಕೊಳ್ಳಿ.

ಈಗ ‘ಚಿ’ ವಿಷಯ. ನಮ್ಮಲ್ಲಿ ಇದನ್ನು ಪ್ರಾಣಶಕ್ತಿ ಅಂತ ಬರೆದು ಮುಗಿಸುತ್ತಾರೆ. ಚೀನಾದಲ್ಲಿ ಆ ಪದ ಬೀದಿಯಲ್ಲೆಲ್ಲ ಓಡಾಡುತ್ತದೆ. ಹವಾಮಾನದಲ್ಲಿ ಅದಿದೆ, ಅಡುಗೆ ಗ್ಯಾಸ್‌ನಲ್ಲಿ ಇದೆ, ಸಿಟ್ಟು ಬಂತು ಅನ್ನೋಕೂ ಅದೇ ಬೇಕು. ಹಳೆಯ ಲಿಪಿಯಲ್ಲಿ ಆ ಅಕ್ಷರದ ಹೊಟ್ಟೆಯೊಳಗೆ ‘ಅಕ್ಕಿ’ ಅನ್ನುವ ಅಕ್ಷರ ಕೂತಿದೆ. ನನ್ನನ್ನು ಕೇಳಿದರೆ ಕನ್ನಡದಲ್ಲಿ ‘ಹಬೆ’ ಹತ್ತಿರದ ಮಾತು. ಇನ್ನು ‘ಚಿಗಾಂಗ್’ ಅನ್ನುವ ಹೆಸರು ಎಲ್ಲರ ಬಾಯಿಗೆ ಬಂದಿದ್ದು 1950ರ ದಶಕದಲ್ಲಿ. ಲ್ಯೂ ಗ್ವೇಝೆನ್ ಅನ್ನುವವರು ತಾಂಗ್‌ಶಾನ್ ಮತ್ತು ಬೈದಾಯ್‌ಹೆಯ ಆರೋಗ್ಯಧಾಮಗಳಲ್ಲಿ ಇದನ್ನು ಚಿಕಿತ್ಸೆಯಾಗಿ ನಡೆಸಿ ಆ ಪದಕ್ಕೆ ಬಳಕೆ ತಂದರು. ಅಭ್ಯಾಸ ಮಾತ್ರ ಬಹಳ ಹಳೆಯದು. 2018ರಲ್ಲಿ ಕೆಲಸದ ಮೇಲೆ ಚಾಂಗ್‌ಶಾಗೆ ಹೋದಾಗ ಮ್ಯೂಸಿಯಂನಲ್ಲಿ ಮಾವಾಂಗ್‌ದ್ವೇ ಸಮಾಧಿಯಲ್ಲಿ ಸಿಕ್ಕ ಚಿತ್ರದ ಪ್ರತಿ ನೋಡಿದೆ. ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿ, ಅಗೆದದ್ದು 1973ರಲ್ಲಿ. ನಲವತ್ತನಾಲ್ಕು ಜನ ಕೈ ಎತ್ತಿ, ಬಗ್ಗಿ, ತಿರುಗಿ ಕಸರತ್ತು ಮಾಡುತ್ತಿದ್ದಾರೆ. ಗಂಡಸರು, ಹೆಂಗಸರು, ಮುದುಕರು. ಬರೆದಿರುವುದು ರೇಷ್ಮೆ ಬಟ್ಟೆ ಮೇಲೆ. ಒಬ್ಬನ ಭುಜ ಕಿವಿಗೆ ಹತ್ತಿರ ಇದೆ ಅಂತ ಅನ್ನಿಸಿತು. ಸುಮ್ನೆ ನನ್ನ ಸಮಾಧಾನಕ್ಕೆ.

ನಿಂತು ಐದಾರು ವಾರಕ್ಕೆ ಅಂಗೈ ಬಿಸಿಯಾಗತೊಡಗಿತು. ಬೆರಳ ತುದಿ ಜುಮ್ಮೆನ್ನುವುದು, ಎರಡು ಕೈ ನಡುವೆ ಊದಿದ ಬಲೂನ್ ಇದ್ದ ಹಾಗೆ ಒತ್ತುವುದು. ಆಯಿಗೆ ಓಡಿಹೋಗಿ ಹೇಳಿದೆ. “ಹೂಂ” ಅಂದರು, ಮೂಗು ಒರೆಸಿಕೊಂಡರು. ಬಿಗಿ ಬಿಟ್ಟರೆ ರಕ್ತ ಚೆನ್ನಾಗಿ ಓಡುತ್ತದೆ, ಕೈ ಬಿಸಿಯಾಗುತ್ತದೆ, ನನಗೆ ಈಗ ಹಾಗೆ ತೋರುತ್ತದೆ. ಆಗ ಮಾತ್ರ ಏನೋ ದೊಡ್ಡದು ಸಿಕ್ಕಿಬಿಟ್ಟಿತು ಅನ್ನಿಸಿತ್ತು.

ತಪ್ಪು ಮಾಡಿದ್ದು ಅಲ್ಲೇ. ಇಂಟರ್‌ನೆಟ್‌ನಲ್ಲಿ ಒಂದು ವಿಡಿಯೋ ನೋಡಿದೆ. ದಾವೋ ಅನ್ನುವ ಚೀನಾದ ಹಳೆಯ ಧರ್ಮಮಾರ್ಗದ ಸಾಧಕರ ‘ಸಣ್ಣ ಸುತ್ತು’ ಅನ್ನುವ ಅಭ್ಯಾಸ: ಬೆನ್ನುಮೂಳೆಯ ಬುಡದಿಂದ ಚಿಯನ್ನು ಮೇಲೆ ತಂದು, ನೆತ್ತಿ ಸುತ್ತಿಸಿ, ಮುಂದಿನಿಂದ ಹೊಕ್ಕುಳ ಕೆಳಗೆ ಇಳಿಸುವುದು. ಗುರುವಿನ ಹತ್ತಿರ ವರ್ಷಗಟ್ಟಲೆ ಕೂತು ಮಾಡುವ ಕೆಲಸ ಅದು. ನಾನು ರಾತ್ರಿ ಮಂಚದ ಮೇಲೆ ಕೂತು, ಉಸಿರು ಕಟ್ಟಿ, ಹಲ್ಲು ಕಚ್ಚಿ ‘ಎತ್ತಿದೆ’. ಬಾವಿಯಿಂದ ಕೊಡ ಸೇದಿದ ಹಾಗೆ. ಹನ್ನೊಂದು ರಾತ್ರಿ. ತಲೆಗೆ ಬಿಗಿ ಟೋಪಿ ಹಾಕಿದ ಹಾಗಾಯಿತು, ಹುಬ್ಬಿನ ನಡುವೆ ಯಾರೋ ಬೆರಳು ಒತ್ತಿದ ಹಾಗೆ. ಮಲಗಿದರೆ ಎದೆ ಡವಡವ. ಧಾರವಾಡದವನ ಮೇಲೆ ಚಮಚದ ವಿಷಯಕ್ಕೆ ಕೂಗಾಡಿದೆ. ಆಸ್ಪತ್ರೆಗೂ ಹೋಗಿಬಂದೆ. ಬಿಪಿ, ಇಸಿಜಿ ಎಲ್ಲ ನಾರ್ಮಲ್.

ಆಯಿಗೆ ಹೇಳಿದಾಗ ಅವರು ಮೊದಲ ಸಲ ಗದರಿದರು. ಇದಕ್ಕೆ ಅವರಲ್ಲಿ ಒಂದು ಹೆಸರೇ ಇದೆ, ಬೆಂಕಿ ದಾರಿ ಬಿಟ್ಟು ಓಡಿತು, ಭೂತ ಹೊಕ್ಕಿತು ಅನ್ನುವ ಅರ್ಥದ್ದು. ಕೂರುವುದು ಒಂದು ತಿಂಗಳು ಬಂದ್. ನಿಂತರೆ ಕೈ ಕೆಳಗೆ ಬಿಟ್ಟು ಐದೇ ನಿಮಿಷ. ಕೆರೆ ಸುತ್ತ ನಡೆ, ಅಂಗಾಲು ನೆಲ ಮುಟ್ಟುವುದನ್ನಷ್ಟೇ ಗಮನಿಸು. ರಾತ್ರಿ ಬಿಸಿನೀರಲ್ಲಿ ಕಾಲಿಟ್ಟು ಮಲಗು. ಮೂರು ವಾರಕ್ಕೆ ಟೋಪಿ ಕಳಚಿತು.

ಆಮೇಲೆ ಒಂದು ಭಾನುವಾರ ರೈಲು ಹತ್ತಿಸಿ ಹಾಂಗ್‌ಝೌಗೆ ಕರೆದುಕೊಂಡು ಹೋದರು. ಪಶ್ಚಿಮ ಸರೋವರದ ಉತ್ತರಕ್ಕೆ ಗೆಲಿಂಗ್ ಅನ್ನುವ ಗುಡ್ಡ, ಮೇಲೆ ಹಳದಿ ಗೋಡೆಯ ಬಾವ್‌ಪೂ ದಾವೋ ಮಠ. ನಾಲ್ಕನೇ ಶತಮಾನದ ದಾವೋ ಪಂಡಿತ ಗೆ ಹಾಂಗ್ ಇಲ್ಲೇ ರಸವಿದ್ಯೆಯ ಒಲೆ ಹೂಡಿದ್ದ ಅನ್ನುವ ಪ್ರತೀತಿ. ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಾ ಆಯಿ ತಮ್ಮ ಕಾಲದ ಕಥೆ ಹೇಳಿದರು. 1980–90ರ ದಶಕಗಳಲ್ಲಿ ಇಡೀ ದೇಶಕ್ಕೆ ಚಿಗಾಂಗ್ ಜ್ವರ ಹತ್ತಿತ್ತು. ದೊಡ್ಡ ಹಾಲ್‌ಗಳಲ್ಲಿ ಮಾಸ್ಟರ್‌ಗಳು ಕೈ ಬೀಸಿದರೆ ಜನ ಅಳುವುದು, ಹೊರಳಾಡುವುದು. ವಿಶ್ವದ ಚಿ ಹಿಡಿಯೋಕೆ ತಲೆ ಮೇಲೆ ಪಾತ್ರೆ ಬೋರಲು ಹಾಕಿಕೊಂಡು ಕೂತವರೂ ಇದ್ದರು. “ನೀನೂ ಪಾತ್ರೆ ಹಾಕಿಕೊಂಡಿದ್ದೆ, ಕಾಣಲಿಲ್ಲ ಅಷ್ಟೇ” ಅಂದರು.

ಕೂರುವುದು ಹೇಗೆ ಅಂತ ಹೇಳಿಕೊಟ್ಟಿದ್ದೂ ಅಲ್ಲೇ. ದಾನ್‌ತ್ಯೆನ್ ಅನ್ನುವ ಜಾಗ ಹೊಕ್ಕುಳಿನಿಂದ ಮೂರು ಬೆರಳು ಕೆಳಗೆ, ಒಳಗಡೆ. ಅದನ್ನು ದಿಟ್ಟಿಸಬೇಡ, ಮರೆಯಲೂ ಬೇಡ. ನನಗೆ ತಿಳಿಯಲಿಲ್ಲ. ಅವರು ಮೆಟ್ಟಿಲ ಮೇಲೆ ತೋಳು ಅಗಲಿಸಿ, ಕುತ್ತಿಗೆ ಒಳಗೆಳೆದು, ಕೋಳಿ ಥರ ಕೂತರು. ಹೋಗುತ್ತಿದ್ದ ಪ್ರವಾಸಿಗರು ನೋಡಿ ನಕ್ಕರು. ಕಾವಿಗೆ ಕೂತ ಕೋಳಿ! ದಾವೋದವರ ಹಳೆಯ ಹೋಲಿಕೆ ಇದು. ಅದು ಮೊಟ್ಟೆಯನ್ನು ಕುಕ್ಕಿ ನೋಡುವುದಿಲ್ಲ, ಬಿಟ್ಟು ಮೇಯೋಕೂ ಹೋಗುವುದಿಲ್ಲ. ಕೂತಿರುತ್ತದೆ. ಕನ್ನಡದಲ್ಲಿ ‘ಕಾವು’ ಅನ್ನುವುದು ಶಾಖವೂ ಹೌದು, ಕೋಳಿಯದೂ ಹೌದು, ಅಲ್ವಾ? ಆ ಪದ ಇಟ್ಟುಕೊಂಡು ಕೂತ ಮೇಲೆ ಹುಬ್ಬು ಬಿಗಿಯಲಿಲ್ಲ. ಕೆಲವು ದಿನ ಕಿಬ್ಬೊಟ್ಟೆ ಬೆಚ್ಚಗಾಗುತ್ತದೆ, ಕೆಲವು ದಿನ ಬರೀ ಹಸಿವಾಗುತ್ತದೆ.

2020ರ ಜನವರಿಯಲ್ಲಿ ಅವರ ಹೊಸ ವರ್ಷದ ರಜೆಗೆ ಊರಿಗೆ ಬಂದವನು ವಾಪಸ್ ಹೋಗಲೇ ಇಲ್ಲ. ಐದು ತಿಂಗಳು ಚೀನಾದ ಮೆಸೇಜ್ ಆ್ಯಪ್ ವೀಚಾಟ್‌ನಲ್ಲಿ ಆಯಿ ನನ್ನ ವಿಡಿಯೋ ನೋಡಿ ತಿದ್ದುತ್ತಿದ್ದರು. ಜೂನ್ 29ಕ್ಕೆ ನಮ್ಮ ಸರ್ಕಾರ ಚೀನಾದ 59 ಆ್ಯಪ್ ನಿಷೇಧಿಸಿತು, ಅದರಲ್ಲಿ ವೀಚಾಟ್ ಕೂಡ. ಅವರ ಫೋನ್ ನಂಬರ್ ಬರೆದುಕೊಂಡಿರಲಿಲ್ಲ. ಬೇಕು ಅಂತಲೂ ಹೊಳೆದಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಬೆಳಗ್ಗೆ ಹದಿನೈದು ನಿಮಿಷ ನಿಲ್ಲುತ್ತೇನೆ, ಎಂಟೂ ಚಲನೆ ಒಂದು ಸುತ್ತು, ಹತ್ತು ನಿಮಿಷ ಕೂರುತ್ತೇನೆ. ಮುಗಿದ ಮೇಲೆ ಎರಡು ಅಂಗೈ ಹೊಕ್ಕುಳ ಕೆಳಗೆ ಒಂದರ ಮೇಲೊಂದು ಇಟ್ಟು ಒಂದು ನಿಮಿಷ ಸುಮ್ಮನಿರುವುದು. ಇದನ್ನು ಬಿಟ್ಟು ಎದ್ದು ಓಡಿದ ದಿನ ಆಯಿ ಇದ್ದಿದ್ದರೆ ಬೈಯುತ್ತಿದ್ದರು. ಊರಿಗೆ ಹೋದಾಗ ಅಮ್ಮನೂ ಪಕ್ಕದಲ್ಲಿ ನಿಂತು ಆಕಾಶ ಎತ್ತುತ್ತಾರೆ. ಮೊದಲ ದಿನವೇ ಅವರ ಭುಜ ಹಾರಲಿಲ್ಲ.

ಕೊನೆಯ ಚಲನೆಯದ್ದೇ ಒಂದು ತಾಪತ್ರಯ. ಹಿಮ್ಮಡಿ ಎತ್ತಿ ಏಳು ಸಲ ನೆಲಕ್ಕೆ ಬಿಡಬೇಕು, ಬೆನ್ನುಮೂಳೆವರೆಗೂ ಸಣ್ಣಗೆ ತಟ್ಟಬೇಕು. ಹೋದ ತಿಂಗಳು ಕೆಳಗಿನ ಮನೆ ಆಂಟಿ ಮೆಟ್ಟಿಲಲ್ಲಿ ಹಿಡಿದು ಕೇಳಿದರು, “ದಿನಾ ಆರು ಗಂಟೆಗೆ ಏನಪ್ಪಾ ಕುಟ್ತೀಯ, ಚಟ್ನಿಪುಡೀನಾ?” ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಈಗ ಆ ಏಳನ್ನು ಮಾತ್ರ ಕೆಳಗೆ ಗೇಟಿನ ಹತ್ತಿರ ಹೋಗಿ ಮಾಡುತ್ತೇನೆ, ಹಾಲಿನ ಪ್ಯಾಕೆಟ್ ತರೋಕೆ ಇಳಿದಾಗ.