‘ಅರ್ಧ ದಾರಿ ಬಂದ್ವಾ?’ ಹಾಡು ಕಟ್ಟಿದ ಬಗೆ

ನಲವತ್ತು ದಾಟಿದವರ ಹಾಡು ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಹಳೆಯ ದಿನಗಳು. ಮೊದಲ ಪ್ರೀತಿ, ಕಾಲೇಜಿನ ಗೆಳೆಯರು, ಕೈತಪ್ಪಿದ ಅವಕಾಶ. ಅಂಥ ಹಾಡುಗಳು ಬೇಕಾದಷ್ಟಿವೆ, ಚೆನ್ನಾಗಿಯೂ ಇವೆ. ನನಗೆ ಬೇಕಿದ್ದದ್ದು ಬೇರೆ. ಈ ವಯಸ್ಸಿನ ಒಳಗೇ ನಿಂತರೆ ಇವತ್ತು ಏನು ಕಾಣುತ್ತದೆ, ಅದು. ಹಾಗಾಗಿ ಬರೆಯಲು ಕೂತಾಗ ಒಂದೇ ಕಟ್ಟುಪಾಡು ಹಾಕಿಕೊಂಡೆ. ಚರಣಗಳಲ್ಲಿ ಭೂತಕಾಲ ಬೇಡ. ‘ಇತ್ತು’, ‘ಹೋಯಿತು’ ಬಂದರೆ ಹಾಡು ತಾನಾಗಿಯೇ ಅಳುವ ಕಡೆ ಜಾರುತ್ತದೆ.

ವಸ್ತುವಿಗೆ ದೂರ ಹೋಗಬೇಕಾಗಲಿಲ್ಲ. ನಲವತ್ತರ ಆಚೀಚೆ ಕಣ್ಣಿನ ಮಸೂರ ಗಡುಸಾಗುತ್ತದೆ, ಹತ್ತಿರದ ಅಕ್ಷರ ಮಬ್ಬಾಗುತ್ತದೆ. ಚಾಳೀಸು ಹಾಕಿಕೊಳ್ಳುವವರೆಗೂ ಮೊಬೈಲನ್ನು ತೋಳುದ್ದ ಹಿಡಿದು, ತಲೆ ಹಿಂದಕ್ಕೆ ವಾಲಿಸಿ, ಹುಬ್ಬು ಎತ್ತಿ ಓದುತ್ತೇವೆ. ನನ್ನ ಗೆಳೆಯರೆಲ್ಲ ಹೀಗೇ ಓದುತ್ತಾರೆ. ಅದನ್ನೇ ಮೊದಲ ಚರಣಕ್ಕೆ ತಂದೆ:

ದೂರ ಹಿಡಿದರೆ ಅಕ್ಷರ ಕಾಣುತ್ತೆ
ಬಾರೋ ಗೆಳೆಯಾ, ಮುಖ ಮಾತ್ರ ಹತ್ತಿರ ಇರಲಿ

ಎರಡನೆಯದು ಮನೆಯ ಒಳಗಿನದು. ಮೇಲೆ ವಯಸ್ಸಾದ ಅಪ್ಪ, ಕೆಳಗೆ ಬೆಳೆಯುತ್ತಿರುವ ಮಗಳು, ನಡುವೆ ನಾನು:

ಅಪ್ಪನ ಮಾತ್ರೆ ಎಣಿಸಿ ಇಡ್ತೀನಿ
ತಪ್ಪನು ತಿದ್ತಾಳೆ ಮಗಳು ನಗ್ತಾ

ಇಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿಲ್ಲ, ಶುರುವಿನಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ತೀರಾ ಸಲೀಸು. ಬಂದೆ, ನಿಂದೆ, ಕಂಡೆ, ಉಂಡೆ ಅಂತ ಎಷ್ಟು ಬೇಕಾದರೂ ಎಳೆಯಬಹುದು. ಮೂರನೇ ಸಾಲಿಗೆ ಏನು ಬರುತ್ತದೆ ಅಂತ ಕೇಳುವವರಿಗೇ ಗೊತ್ತಾಗಿಬಿಡುತ್ತದೆ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ದೂರ–ಬಾರೋ, ಅಪ್ಪ–ತಪ್ಪ ಆ ಥರದವು. ಪಾಪ್ ಹಾಡಿಗೆ ಇದು ತುಂಬ ಚೆನ್ನಾಗಿ ಒಗ್ಗುತ್ತದೆ. ಸಾಲಿನ ತಲೆಯಲ್ಲೇ ಕಿವಿಗೆ ಒಂದು ಹಿಡಿ ಸಿಕ್ಕರೆ ಬಾಲ ಎಲ್ಲಿಗೆ ಬೇಕಾದರೂ ಹೋಗಬಹುದು.

ಪಲ್ಲವಿಯ ಕಥೆ ಬೇರೆ. ಬರೆದಿಟ್ಟಿದ್ದ ಸಾಲು ‘ಅರ್ಧ ದಾರಿ ಮುಗಿಯಿತು’. ಟ್ಯೂನಿನಲ್ಲಿ ಕೊನೆಯ ಸ್ವರವನ್ನು ನಾಲ್ಕು ಬೀಟ್ ಹಿಡಿಯಬೇಕು. ‘ತು’ ಮೇಲೆ ಹಿಡಿದು ನೋಡಿ. ತುಟಿ ಮುಂದೆ ಬಂದು ಸಣ್ಣದಾಗುತ್ತದೆ, ದನಿ ಒಳಗೇ ಉಳಿಯುತ್ತದೆ. ಕನ್ನಡದಲ್ಲಿ ಹಾಡು ಬರೆಯುವವರೆಲ್ಲ ಈ ಉಕಾರದ ಜೊತೆ ಗುದ್ದಾಡಿಯೇ ಇರುತ್ತಾರೆ, ನಮ್ಮ ಪದಗಳು ಅಷ್ಟು ಜಾಸ್ತಿ ‘ಉ’ದಲ್ಲೇ ಮುಗಿಯುತ್ತವೆ. ಎಳೆದು ಹಾಡಲು ‘ಆ’ ಬೇಕು, ಬಾಯಿ ಪೂರ್ತಿ ತೆರೆಯಬೇಕು. ಸಹಜವಾಗಿ ‘ಆ’ದಲ್ಲಿ ಮುಗಿಯುವ ಕ್ರಿಯಾಪದ ಹುಡುಕುತ್ತಾ ಹೋದರೆ ಸಿಗುವುದು ಪ್ರಶ್ನೆ. ಬಂದ್ವಾ, ಆಯ್ತಾ, ಉಂಟಾ.

ಅರ್ಧ ದಾರಿ ಬಂದ್ವಾ?
ಅಳೆದು ನೋಡೋದುಂಟಾ?

ಒಂದು ಸ್ವರದ ಅನುಕೂಲಕ್ಕೆ ಮಾಡಿದ ಬದಲಾವಣೆ ಇಡೀ ಹಾಡಿನ ಮನಸ್ಸನ್ನೇ ಬದಲಿಸಿತು. ‘ಮುಗಿಯಿತು’ ಅನ್ನುವಾಗ ಹಾಡುವವನಿಗೆ ಎಲ್ಲ ಗೊತ್ತಿರುತ್ತದೆ. ‘ಬಂದ್ವಾ?’ ಅಂದಾಗ ಅವನೂ ಕೇಳುವವರ ಪಕ್ಕದಲ್ಲೇ ನಿಂತಿರುತ್ತಾನೆ. ದಾರಿ ಎಷ್ಟು ಉದ್ದ ಅಂತ ಗೊತ್ತಿಲ್ಲದೆ ಅರ್ಧ ಎಲ್ಲಿ ಅಂತ ಹೇಗೆ ಹೇಳುವುದು ಅಲ್ವಾ? ನಾನು ಹೇಳಬೇಕು ಅಂದುಕೊಂಡಿದ್ದಕ್ಕಿಂತ ಇದು ಹೆಚ್ಚು ನಿಜ. ಆಮೇಲೆ ಮಿಕ್ಕ ಸಾಲುಗಳನ್ನೆಲ್ಲ ಈ ಪ್ರಶ್ನೆಗೆ ಹೊಂದುವ ಹಾಗೆ ತಿದ್ದಿದೆ.

‘ಮಿಡ್‌ಲೈಫ್ ಕ್ರೈಸಿಸ್’ (ನಡುವಯಸ್ಸಿನ ಬಿಕ್ಕಟ್ಟು) ಅನ್ನುವ ಮಾತು ಚಾಲ್ತಿಗೆ ಬಂದದ್ದು ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರಲ್ಲಿ ಬರೆದ ಲೇಖನದಿಂದ. ಜನ ಅದರಿಂದ ಎತ್ತಿಕೊಂಡದ್ದು ಬಿಕ್ಕಟ್ಟನ್ನು ಮಾತ್ರ. ಜಾಕ್ಸ್ ಅದರಲ್ಲಿ ನೋಡಿದ್ದು ಕಲಾವಿದರ ಕೆಲಸವನ್ನು. ಚಿಕ್ಕ ವಯಸ್ಸಿನಲ್ಲಿ ಕೃತಿ ಒಂದೇ ಉಸಿರಿಗೆ, ಬಿಸಿಬಿಸಿಯಾಗಿ ಹೊರಬರುತ್ತದೆ. ಆಮೇಲಾಮೇಲೆ ಕೆತ್ತಿ ಕೆತ್ತಿ ರೂಪ ಕೊಡುವ ಕೆಲಸ ಆಗುತ್ತದೆ ಅನ್ನುವುದು ಅವರ ವಾದ. ಈ ಹಾಡಿನ ಮಟ್ಟಿಗೆ ನನಗೂ ಹಾಗೇ ಆಯಿತು. ಹಿಂದೆ ಒಂದೇ ರಾತ್ರಿಯಲ್ಲಿ ಹಾಡು ಮುಗಿಸುತ್ತಿದ್ದೆ. ಇದರಲ್ಲಿ ‘ನೋಡೋದುಂಟಾ’ ಅನ್ನುವ ಒಂದು ಪದಕ್ಕೇ ಎಷ್ಟೋ ದಿನ ಕೂತೆ, ಆ ಕೂತದ್ದೂ ಖುಷಿಯೇ.

ಪಾಪ್ ಹಾಡಿನಲ್ಲಿ ಪಲ್ಲವಿ ಮೇಲೇರುವುದು ರೂಢಿ. ಇದರಲ್ಲಿ ಚರಣವೇ ಎತ್ತರದಲ್ಲಿದೆ, ಪಲ್ಲವಿ ಕೆಳಗೆ ಇಳಿಯುತ್ತದೆ. ಆ ಪ್ರಶ್ನೆಯನ್ನು ಕೂಗಿ ಕೇಳಲು ಆಗುವುದಿಲ್ಲ, ಪಕ್ಕದವರಿಗೆ ಕೇಳಿಸುವಷ್ಟು ಸಾಕು. ಶ್ರುತಿಯನ್ನು ಡಿ ಇಂದ ಬಿ ಗೆ, ಅಂದರೆ ಮೂರು ಸೆಮಿಟೋನ್ (ಅರ್ಧ ಸ್ವರದ ಮೆಟ್ಟಿಲು) ಇಳಿಸಿದೆ. ಈಗಿನ ನನ್ನ ಗಂಟಲಿಗೆ ಅಲ್ಲಿ ಒಂದು ದಪ್ಪ ಬರುತ್ತದೆ, ಮಾತಿಗೆ ಹತ್ತಿರವಾದ ದನಿ. ವೇಗ 76 ಬಿಪಿಎಂ, ಅಂದರೆ ನಿಮಿಷಕ್ಕೆ 76 ಬೀಟ್. ಒಂದು ಬೀಟಿಗೆ ಸುಮಾರು 0.8 ಸೆಕೆಂಡು, ಎರಡು ಸಾಲಿನ ನಡುವೆ ನೆಮ್ಮದಿಯಾಗಿ ಉಸಿರು ತೆಗೆದುಕೊಳ್ಳಬಹುದು. ಆ ಉಸಿರಿನ ಸದ್ದನ್ನು ಎಡಿಟಿಂಗ್‌ನಲ್ಲಿ ತೆಗೆಯಬೇಡಿ ಅಂತ ಕೇಳಿಕೊಂಡೆ. ರಿವರ್ಬ್ (ದನಿಗೆ ಸೇರಿಸುವ ಮಾರ್ದನಿ) ಕೂಡ ತೀರಾ ಕಡಿಮೆ.

ಕೊನೆಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಗ್ಗೆ ಮಾತ್ರ ಇವತ್ತಿಗೂ ಒಮ್ಮತ ಇಲ್ಲ. ಹಾಡು ಬಿ ಮೇಜರ್‌ನಲ್ಲಿದೆ, ಬಿ ಗೆ ಬಂದರೆ ಮನೆ ಮುಟ್ಟಿದ ಹಾಗೆ. ಆದರೂ ನಾನು ಮುಗಿಸುವುದು ಎಫ್ ಶಾರ್ಪ್ ಮೇಲೆ, ಪ್ರಶ್ನೆ ಪ್ರಶ್ನೆಯಾಗಿಯೇ ಇರಲಿ ಅಂತ. ಬೇಸ್ ನುಡಿಸುವ ಗೆಳೆಯನ ಪ್ರಕಾರ ಅಷ್ಟು ಹೊತ್ತು ಜೊತೆಗೆ ಬಂದವರನ್ನು ಬಿ ಗೆ ತಂದು ಮುಟ್ಟಿಸಬೇಕು. ರೆಕಾರ್ಡಿಂಗ್‌ನಲ್ಲಿ ಎಫ್ ಶಾರ್ಪ್ ಉಳಿಯಿತು. ವೇದಿಕೆಯಲ್ಲಿ ಒಮ್ಮೊಮ್ಮೆ ಅವನು ನನ್ನ ಕಡೆ ನೋಡದೆ ಬಿ ನುಡಿಸಿಬಿಡುತ್ತಾನೆ. ಅದೂ ಚೆನ್ನಾಗಿಯೇ ಕೇಳಿಸುತ್ತದೆ, ನಾನೂ ತಡೆಯುವುದಿಲ್ಲ.